ಮಾತಿಲ್ಲದ ಡಂಗುರ

ಹುಲಿಕೋಟೆಯ ದೊರೆ ಸೂರಪ್ಪ ನಾಯಕನಿಗೆ ತನ್ನ ಆಳ್ವಿಕೆಯ ಬಗ್ಗೆ ಬಹಳ ಹೆಮ್ಮೆ. "ನನ್ನ ಅರಮನೆಯ ಗುಟ್ಟು ಅರಮನೆಯ ಗೋಡೆಗೂ ಗೊತ್ತಾಗುವುದಿಲ್ಲ" ಎಂದು ಮೀಸೆ ತಿರುವುತ್ತಿದ್ದ. ಗೋಡೆಯ ಮಾತು ಹಾಗಿರಲಿ, ಎಷ್ಟೋ ಗುಟ್ಟು ಸ್ವತಃ ದೊರೆಗೇ ಗೊತ್ತಾಗುತ್ತಿರಲಿಲ್ಲ. ಅವೆಲ್ಲ ದಳವಾಯಿ ಮುದ್ದರಾಜನ ಹತ್ತಿರ ಭದ್ರವಾಗಿರುತ್ತಿದ್ದವು.

ಒಂದು ದಿನ ಭಂಡಾರದಿಂದ ಚಿನ್ನದ ಗಂಟೆಯೊಂದು ಮಾಯವಾಯಿತು. ದಸರೆಯ ದಿನ ಮಾತ್ರ ಪಟ್ಟದಾನೆಯ ಕೊರಳಿಗೆ ಕಟ್ಟುವ ಗಂಟೆ ಅದು. ದಳವಾಯಿ ತಡಮಾಡದೆ ಮಾವುತ ಜವರನನ್ನು ಹಿಡಿಸಿ ಸೆರೆಗೆ ತಳ್ಳಿದ. ಕಳುವಾದದ್ದು ಏನು, ವಿಚಾರಣೆ ಎಲ್ಲಿ, ಸಾಕ್ಷಿ ಯಾರು, ಎಲ್ಲವೂ ಗುಟ್ಟು. ಯಾರಾದರೂ ಕೇಳಿದರೆ 'ರಾಜ್ಯದ ಹಿತ' ಎನ್ನುತ್ತಿದ್ದ. ಪಾಪ, ಈ ರಾಜ್ಯದ ಹಿತ ಎನ್ನುವುದು ಅಗಸರ ಕತ್ತೆಯ ಹಾಗೆ, ಯಾರ ಮನೆಯ ಕೊಳೆ ಹೇರಿದರೂ ಹೊರುತ್ತದೆ.

ಜವರನ ಹೆಂಡತಿ ಮಾದೇವಿ ಆಸ್ಥಾನದ ವಿದೂಷಕ ಕಂಬಣ್ಣನ ಮನೆಬಾಗಿಲಿಗೆ ಬಂದು ಅತ್ತಳು. ಬರುವ ಸೋಮವಾರ ಗಂಡನ ಬಲಗೈ ಕಡಿಯುತ್ತಾರಂತೆ. ಅವನು ಮಾಡಿದ ತಪ್ಪೇನು ಎಂದು ಕಂಬಣ್ಣ ಕೇಳಿದ.

"ಅದನ್ನೇ ಹೇಳಲ್ಲ ಅಂತಾರೆ ಸ್ವಾಮಿ. ನಿನ್ನ ಗಂಡನಿಗೆ ಗೊತ್ತಿರ್ತದೆ, ಅವನನ್ನೇ ಕೇಳು ಅಂತಾರೆ. ಕೇಳೋಕೆ ಹೋದ್ರೆ ಒಳಕ್ಕೆ ಬಿಡಲ್ಲ."

ನಗಿಸುವುದೇ ಕಸುಬಾದ ಕಂಬಣ್ಣನಿಗೆ ಅವತ್ತು ಒಂದು ಹಾಸ್ಯವೂ ಹೊಳೆಯಲಿಲ್ಲ.

ಅಷ್ಟು ಹೊತ್ತಿಗೆ ಊರಲ್ಲಿ ಗುಸುಗುಸು ಶುರುವಾಗಿತ್ತು. ಅರಮನೆಯಲ್ಲಿ ಏನೋ ನಡೆದಿದೆ, ಮುಚ್ಚಿಡುತ್ತಿದ್ದಾರೆ ಎಂದು ಜನ ಆಡಿಕೊಳ್ಳುವುದು ದೊರೆಯ ಕಿವಿಗೂ ಬಿತ್ತು. ಅವನು ಸಿಟ್ಟಾಗಿ ಕಂಬಣ್ಣನನ್ನು ಕರೆಸಿದ. ಈ ವಿಷಯ ಯಾರೂ ಮಾತಾಡಕೂಡದೆಂದು ನಾಳೆಯೇ ಊರೆಲ್ಲ ಡಂಗುರ ಸಾರಿಸಬೇಕು ಎಂದ.

"ಅಪ್ಪಣೆ ಪ್ರಭು. ಯಾವ ವಿಷಯ ಅಂತ ಸಾರಿಸಲಿ?"

"ಅದು ಗುಟ್ಟು" ಎಂದ ಪಕ್ಕದಲ್ಲಿದ್ದ ದಳವಾಯಿ. "ಒಂದಕ್ಷರ ಹೊರಬಿದ್ದರೆ ನಿನ್ನ ನಾಲಿಗೆ ಉಳಿಯುವುದಿಲ್ಲ."

"ಡಂಗುರವೂ ಆಗಬೇಕು, ಒಂದಕ್ಷರವೂ ಬೀಳಬಾರದು?"

"ಜಾಣ ಅಂತ ತಾನೇ ನಿನ್ನನ್ನು ಸಾಕಿರುವುದು" ಎಂದು ದೊರೆ ನಕ್ಕ.

ಕಂಬಣ್ಣ ನೆಲ ಮುಟ್ಟುವಷ್ಟು ಬಗ್ಗಿ ನಮಸ್ಕರಿಸಿದ. ಅವನು ಅಷ್ಟು ಬಗ್ಗಿದಾಗಲೇ ಇಬ್ಬರೂ ಎಚ್ಚರವಾಗಬೇಕಿತ್ತು.

ಬೆಳಿಗ್ಗೆ ಡಂಗುರದ ಕಾಳನನ್ನು ಜೊತೆಗೆ ಹಾಕಿಕೊಂಡು ಹೊರಟ. ಬೀದಿಬೀದಿಯಲ್ಲೂ ಕಾಳ ನಿಂತು ಡಂ ಡಂ ಎಂದು ತಮಟೆ ಬಾರಿಸಿದ. ಜನ ಮಾಡುತ್ತಿದ್ದ ಕೆಲಸ ಬಿಟ್ಟು ಓಡಿಬಂದರು. ಎಲ್ಲರೂ ಸೇರಿದ ಮೇಲೆ ಕಾಳ ಬಾಯಿಗೆ ಕೈ ಅಡ್ಡ ಹಿಡಿದು, ತಲೆ ತಗ್ಗಿಸಿ ಮುಂದಿನ ಬೀದಿಗೆ ಹೋದ. ಏನು ಸಮಾಚಾರ ಎಂದು ಕೇಳಿದವರ ಮುಖ ನೋಡಿ ಕಂಬಣ್ಣ ಒಂದು ನಿಟ್ಟುಸಿರು ಬಿಟ್ಟ, ಅಷ್ಟೆ. ಅಪ್ಪಣೆಯನ್ನು ಅಷ್ಟು ನಿಷ್ಠೆಯಿಂದ ಯಾರೂ ಪಾಲಿಸಿರಲಿಲ್ಲ.

ಗಾಣಿಗರ ಬೀದಿಯಲ್ಲಿ ದೊರೆಗೆ ಕಾಯಿಲೆಯಂತೆ ಎಂದರು. ನೇಕಾರರ ಬೀದಿಗೆ ಹೋಗುವಾಗ ಕಾಯಿಲೆ ಹೋಗಿ ವಿಷಪ್ರಾಶನವಾಯಿತು. ಕೆರೆಯ ಸೋಪಾನದ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ದೊರೆಯ ಕೊನೆಯ ಮಾತು ಏನೆಂಬುದನ್ನೂ ಹೇಳತೊಡಗಿದರು. ಮಧ್ಯಾಹ್ನ ಅಂಗಡಿಗಳು ಮುಚ್ಚಿದವು. ಇಳಿಹೊತ್ತಿಗೆ ಊರಿಗೆ ಊರೇ ಹೂವು, ಹಸಿ ಬಿದಿರು, ಮಡಕೆ ಹಿಡಿದುಕೊಂಡು ಅರಮನೆಯ ಮುಂದೆ ಬಂದು ಗೋಳೋ ಎಂದು ಅಳತೊಡಗಿತು.

ಗದ್ದಲ ಕೇಳಿ ಸೂರಪ್ಪ ನಾಯಕ ಉಪ್ಪರಿಗೆಯಿಂದ ಇಣುಕಿದ. ಕೆಳಗೆ ನಾಲ್ಕು ಜನ ಶ್ರದ್ಧೆಯಿಂದ ಅವನ ಚಟ್ಟ ಕಟ್ಟುತ್ತಿದ್ದರು. ಒಬ್ಬಳು ಮುದುಕಿ ತಲೆಯೆತ್ತಿ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದಳು.

"ತಾವು ಬದುಕಿರೋದೂ ಗುಟ್ಟಾ ಬುದ್ಧಿ?"

ದೊರೆ ಕೆಳಗಿಳಿದು ಬಂದು ಕಂಬಣ್ಣನ ಮೇಲೆ ಹಾರಿಬಿದ್ದ. ನೀನು ಜನಕ್ಕೆ ಏನು ಹೇಳಿದೆ ಎಂದು ಕೂಗಾಡಿದ.

"ಏನೂ ಹೇಳಲಿಲ್ಲ ಪ್ರಭು, ಅದಕ್ಕೇ ಹೀಗಾಯಿತು. ಅರಮನೆ ಬಾಯಿ ಮುಚ್ಚಿಕೊಂಡರೆ ಊರು ಬಾಯಿ ತೆರೆಯುತ್ತದೆ. ಇವತ್ತು ತಮ್ಮನ್ನು ಸಾಯಿಸಿದೆ, ನಾಳೆ ಕಳ್ಳ ತಾವೇ ಅನ್ನುತ್ತದೆ. ಇಷ್ಟು ಜನ ಸೇರಿದ್ದಾರೆ, ಜವರನ ವಿಚಾರಣೆ ಇಲ್ಲೇ ಮಾಡಿಬಿಡಿ."

ದಳವಾಯಿ ರಾಜ್ಯದ ಹಿತವನ್ನು ನೆನಪಿಸಲು ಬಾಯಿ ತೆರೆದ. ದೊರೆ ತನ್ನ ಚಟ್ಟವನ್ನೇ ನೋಡುತ್ತಿದ್ದುದರಿಂದ ಆ ಮಾತು ಅವನಿಗೆ ಕೇಳಿಸಲಿಲ್ಲ. ಜವರನನ್ನು ಕರೆತಂದರು. ಆನೆಯ ಚಿನ್ನದ ಗಂಟೆ ಕಳುವಾಗಿದೆ ಎಂದು ದೊರೆಯೇ ಗಟ್ಟಿಯಾಗಿ ಹೇಳಿದ.

ಹೇಳಿ ಮುಗಿಸುವುದರೊಳಗೆ ಅಕ್ಕಸಾಲಿ ಈರಾಚಾರಿ ಜನರನ್ನು ತಳ್ಳಿಕೊಂಡು ಮುಂದೆ ಬಂದ. "ಅಯ್ಯೋ, ಗಂಟೆಯೇ ಬುದ್ಧಿ? ದಳವಾಯಿಗಳ ಬಾಮೈದ ಪುಟ್ಟರಾಜಯ್ಯನವರು ಒಂದು ಗಂಟೆ ತಂದುಕೊಟ್ಟು ಕರಗಿಸು ಅಂದ್ರು. ದೊಡ್ಡವರ ಮನೇದು ಅಂತ ಕರಗಿಸಿದೆ. ಕಳುವಾಗಿರೋದು ಗಂಟೆ ಅಂತ ಯಾರಾದ್ರೂ ಒಂದು ಮಾತು ಹೇಳಿದ್ರೆ ಅವತ್ತೇ ಓಡಿಬರ್ತಿದ್ದೆ. ಅದರ ನಾಲಿಗೆ ಮಾತ್ರ ಕಬ್ಬಿಣದ್ದು, ಕರಗಲಿಲ್ಲ, ಮನೇಲೇ ಬಿದ್ದದೆ."

ತಂದು ನೋಡಿದರೆ ಗಂಟೆಯ ನಾಲಿಗೆಯ ಮೇಲೆ ಅರಮನೆಯ ಮುದ್ರೆ ಎದ್ದು ಕಾಣುತ್ತಿತ್ತು.

"ಊರಿನ ನಾಲಿಗೆ ಕಟ್ಟಿಸಿದಿರಿ ದಳವಾಯಿಗಳೇ" ಎಂದ ಕಂಬಣ್ಣ, "ಗಂಟೆಯ ನಾಲಿಗೆ ಮರೆತುಬಿಟ್ಟಿರಿ."

ಜವರನ ಕೈಕೋಳ ಕಳಚಿದರು. ಮಾದೇವಿ ಅವನ ಬಲಗೈ ಹಿಡಿದುಕೊಂಡವಳು ಮನೆ ಸೇರುವ ತನಕ ಬಿಡಲಿಲ್ಲ. ಪುಟ್ಟರಾಜಯ್ಯ ಅದೇ ಸೆರೆಮನೆಗೆ ಹೋದ. ಸತ್ತು ಬದುಕಿದ ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕು, ಹೆಣಕ್ಕೆ ಹೊದಿಸಲು ಜನ ತಂದಿದ್ದ ಜರತಾರಿ ಶಾಲನ್ನೇ ಕಂಬಣ್ಣನಿಗೆ ಹೊದಿಸಿದ.

ಜನ ಚದುರುವಾಗ ದಳವಾಯಿ ಕಂಬಣ್ಣನನ್ನು ಪಕ್ಕಕ್ಕೆ ಕರೆದ. ಮನೆತನದ ಮರ್ಯಾದೆಯ ಪ್ರಶ್ನೆ, ಬಾಮೈದನ ವಿಷಯ ದಯವಿಟ್ಟು ಡಂಗುರ ಸಾರಿಸಬೇಡ ಎಂದು ಅಂಗಲಾಚಿದ.

"ಛೆ, ಉಂಟೇ ಸ್ವಾಮಿ? ಒಂದಕ್ಷರವೂ ಹೊರಬೀಳುವುದಿಲ್ಲ" ಎಂದ ಕಂಬಣ್ಣ. "ತಮ್ಮ ಮನೆ ಮುಂದೆ ನಿಂತು ಬರೀ ತಮಟೆ ಬಾರಿಸಿ ಹೋಗುತ್ತೇವೆ."