ಬದನೆಕಾಯಿ ಬಿಟ್ಟವನ ಮುಖ

"ಅಜ್ಜಾರ, ಎಲ್ಲಾ ಬಿಟ್ಟೀನಿ. ಆದ್ರೂ ನನ್ನ ಸಿಟ್ಟು ಯಾಕ ಹೋಗವಲ್ದು?" ಎಂದು ಶಿವಬಸಯ್ಯ ಕೇಳಿದ.

ಅವನು ಮಠದ ಹಿರಿಯ ಶಿಷ್ಯ. ಮಠದ ಸ್ವಾಮಿಗಳಾದ ಅಜ್ಜನವರಿಗೆ ಮೊಣಕಾಲು ನೋವು ಬಂದ ಮೇಲೆ ದಿನಾ ಬೆಳಗ್ಗೆ ಅವರ ಪೀಠದ ಮೇಲೆ ಕೂತು ಭಕ್ತರಿಂದ ಕಾಲಿಗೆ ನಮಸ್ಕಾರ ಮಾಡಿಸಿಕೊಳ್ಳುತ್ತಿದ್ದ. ಈರುಳ್ಳಿ ಬಿಟ್ಟೆ, ಖಾರ ಬಿಟ್ಟೆ, ಒಂದು ಹೊತ್ತಿನ ಊಟ ಬಿಟ್ಟೆ ಎಂದು ಲೆಕ್ಕ ಒಪ್ಪಿಸಿದ. ಆ ಬೆಳಗ್ಗೆಯಷ್ಟೇ ಅಡುಗೆಯ ನೀಲವ್ವ ಕುದಿಯುವ ಸಾರಿನ ಪಾತ್ರೆ ಹಿಡಿದು, ನಮಸ್ಕರಿಸದೆ ಅವನ ಮುಂದೆ ಹಾದುಹೋಗಿದ್ದಳು. ಇವಳ ಕೈಯ ಅಡುಗೆ ತಿಂದೇ ನನಗೆ ಸಿಟ್ಟು ಏರುವುದು ಎಂದು ಭಕ್ತರೆದುರಿಗೇ ಕೂಗಾಡಿ ಅವಳನ್ನು ಮಠದಿಂದ ಹೊರಗೆ ಹಾಕಿದ್ದ.

ಅಜ್ಜನವರಿಗೆ ಮೈಯೆಲ್ಲ ಉರಿಯಿತು. ಕೂತುಕೋ ಎಂದು ಗದರಿ, ಕತೆ ಹೇಳಿದರು.

ಒಬ್ಬ ದ್ರಾಕ್ಷಿ ತೋಟದ ಯಜಮಾನ ಇದ್ದ. ಹೆಂಡತಿ ತೀರಿಕೊಂಡಿದ್ದಳು. ಮನೆಯ ಒಲೆ ಸೊಸೆಯ ಕೈಯಲ್ಲಿತ್ತು. ಯಜಮಾನ ತಲೆಗೆ ರುಮಾಲು ಸುತ್ತಿ ದಿನವಿಡೀ ಬಿಸಿಲಲ್ಲಿ ಓಡಾಡುತ್ತಿದ್ದ, ಮುಖಕ್ಕೆ ಏನೂ ಆಗಿರಲಿಲ್ಲ. ಯುಗಾದಿಗೆ ಬಂದ ಅಳಿಯ ಸನ್‌ಸ್ಕ್ರೀನ್ ಕ್ರೀಮಿನ ಒಂದು ಟ್ಯೂಬು ಕೊಟ್ಟ. ಹಚ್ಚಿಕೊಂಡರೆ ಬಿಸಿಲು ತಾಗುವುದಿಲ್ಲ ಎಂದ. ಊರಲ್ಲಿ ಯಾರ ಹತ್ತಿರವೂ ಇಲ್ಲದ ಟ್ಯೂಬು! ಯಜಮಾನ ರುಮಾಲು ಗೂಟಕ್ಕೆ ಹಾಕಿದ. ಮುಖಕ್ಕೆ ಬಳಿದುಕೊಂಡು, ನಾಲ್ಕು ಜನ ನೋಡಲಿ ಎಂದು ಬಸ್ ಸ್ಟ್ಯಾಂಡ್ ಸುತ್ತಿ ತೋಟಕ್ಕೆ ಹೋದ.

ಮೂರನೆಯ ದಿನ ಮುಖ ತುರಿಸಿತು. ಐದನೆಯ ದಿನ ಕೆಂಪಗೆ ದದ್ದು ಎದ್ದು ಉರಿಯತೊಡಗಿತು. ನಂಜು ಎಂದ ಯಜಮಾನ. ನಂಜು ಎಂದ ಮೇಲೆ ನಮ್ಮ ಜನ ಎಲ್ಲಿ ನೋಡುತ್ತಾರೆ? ಒಲೆಯ ಕಡೆ. ಬದನೆಕಾಯಿ ಬಿಟ್ಟ, ಉರಿ ಹೋಗಲಿಲ್ಲ. ಶೇಂಗಾ ಬಿಟ್ಟ. ತೊಗರಿಬೇಳೆ, ಹುಣಸೆಹುಳಿ ಬಿಟ್ಟ. ಬರೀ ರೊಟ್ಟಿ ಮಜ್ಜಿಗೆ ತಿಂದು ಸೊರಗಿದ. ಇಷ್ಟೆಲ್ಲ ಬಿಟ್ಟ ಪುಣ್ಯಾತ್ಮ ಬೆಳಗ್ಗೆ ಎದ್ದು ಕ್ರೀಮು ಹಚ್ಚುವುದನ್ನು ಮಾತ್ರ ಬಿಡಲಿಲ್ಲ. ಉರಿ ಹೆಚ್ಚಾದರೆ ಬಿಸಿಲು ಹೆಚ್ಚಾಯಿತೆಂದು ಇನ್ನೊಂದು ಸಲ ಬಳಿದುಕೊಂಡ. ತಲೆಯಲ್ಲಿ ಏನು ತುಂಬಿಕೊಂಡಿದ್ದನೋ, ದೇವರೇ ಬಲ್ಲ.

ಕೊನೆಗೆ ಸಿಟ್ಟೆಲ್ಲ ಸೊಸೆಯ ಮೇಲೆ ತಿರುಗಿತು. ಅವಳ ಕೈಯಲ್ಲೇ ನಂಜಿದೆ ಎಂದು ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಸಾರಿದ. ತವರಿಗೆ ನಡೆ ಎಂದ. ಮಗ ತಲೆ ತಗ್ಗಿಸಿ ನಿಂತ, ತುಟಿ ಬಿಚ್ಚಲಿಲ್ಲ. ಅಂಥವನಿಗೆ ಬಾಯಿ ಯಾಕೆ ಬೇಕು? ಸೊಸೆ ಚೀಲ ಹಿಡಿದು ಬಾಗಿಲಲ್ಲಿ ನಿಂತಳು.

"ಮಾವಾರ, ನಾ ಹೋಗ್ತೀನಿ. ನಾಕು ದಿನ ಆ ಟ್ಯೂಬು ಮುಟ್ಟದ ನೋಡ್ರಿ," ಎಂದಳು.

"ಅದು ನನ್ನ ಮುಖಾ ಕಾಯೋದು. ಸುಡೋದು ನೀನು," ಎಂದ ಯಜಮಾನ.

ಅವಳು ಹೋದಳು. ಅದೇ ವಾರ ಟ್ಯೂಬು ಖಾಲಿಯಾಯಿತು. ಎಂಟು ಹತ್ತು ದಿನಕ್ಕೆ ಮುಖ ವಾಸಿಯಾಯಿತು. ಮನೆಯ ನಂಜು ತೊಲಗಿತು ಎಂದು ಆ ಮನುಷ್ಯ ಊರಿಗೆ ಸಕ್ಕರೆ ಹಂಚಿದ. ಮಗ ಬೇಯಿಸಿದ ಬದನೆಕಾಯಿ ಒಂದು ತಿಂಗಳು ತಿಂದ, ಏನೂ ಆಗಲಿಲ್ಲ. ಕಾರಹುಣ್ಣಿಮೆಗೆ ಅಳಿಯ ಮತ್ತೆ ಬಂದ. ಹೊಸ ಟ್ಯೂಬು ತಂದ. ಮೂರನೆಯ ದಿನ ಮುಖ ಮತ್ತೆ ಉರಿಯಿತು. ಬೈಯಲು ಬಾಯಿ ತೆರೆದ. ಸೊಸೆ ಮನೆಯಲ್ಲಿರಲಿಲ್ಲ.

ಆಗ ವೈದ್ಯರ ಹತ್ತಿರ ಹೋದ. ಏನು ತಿಂದೆ ಎಂದು ಅವರು ಕೇಳಲಿಲ್ಲ, ಏನು ಹಚ್ಚಿದೆ ಎಂದು ಕೇಳಿದರು. ಅದೇ ಕ್ರೀಮನ್ನು ಅವನ ತೋಳಿನ ಒಳಭಾಗಕ್ಕೆ ಒಂದಿಷ್ಟು ಸವರಿ ನಾಳೆ ಬಾ ಎಂದರು. ಮರುದಿನ ತೋಳೂ ಕೆಂಪಾಗಿತ್ತು. ಇದು ನಿನ್ನ ಚರ್ಮಕ್ಕೆ ಒಗ್ಗುವುದಿಲ್ಲ, ತಣ್ಣೀರಲ್ಲಿ ಮುಖ ತೊಳೆ, ವಾಸಿಯಾಗುವ ತನಕ ಏನೂ ಹಚ್ಚಬೇಡ, ಮೊದಲಿನಂತೆ ರುಮಾಲು ಕಟ್ಟು ಎಂದು ಹೇಳಿ ಕಳಿಸಿದರು.

ಯಜಮಾನ ಸೊಸೆಯ ತವರಿಗೆ ಹೋದ. ಅವಳೊಬ್ಬಳಿಗೇ ಕೇಳುವಂತೆ, ತಪ್ಪಾಯಿತು, ಮನೆಗೆ ಬಾ ಎಂದ.

"ತಪ್ಪಾತು ಅನ್ನೋದು ನನ್ನ ಕಿವ್ಯಾಗ ಹೇಳಿದ್ರಿ. ನಂಜು ಅಂದದ್ದು ಕಟ್ಟಿ ಮ್ಯಾಲೆ ಕೂತು ಊರಿಗೆಲ್ಲಾ ಹೇಳಿದ್ರಿ. ಮೊದಲು ಅಲ್ಲಿ ಹೋಗಿ ಹೇಳ್ರಿ, ಆಮ್ಯಾಲೆ ಬರ್ತೀನಿ," ಎಂದಳು ಸೊಸೆ.

ಅಜ್ಜನವರು ಇಲ್ಲಿಗೆ ಕತೆ ನಿಲ್ಲಿಸಿಬಿಟ್ಟರು. ಯಜಮಾನ ಕಟ್ಟೆಗೆ ಹೋಗಿ ಹೇಳಿದನೋ ಇಲ್ಲವೋ ಎಂದು ಶಿವಬಸಯ್ಯ ಮೆಲ್ಲಗೆ ಕೇಳಿದ.

ಅಜ್ಜನವರು ಅವನ ಮುಖವನ್ನೇ ನೋಡಿ ಹೇಳಿದರು: "ಏನೇನೋ ಬಿಟ್ಟೆ ಅಂದೆಲ್ಲ, ಆ ಪೀಠ ಬಿಟ್ಟು ಕೆಳಗಿಳಿ, ಭಕ್ತರೆಲ್ಲಾ ನೋಡೂ ಹಂಗ ನೀಲವ್ವನ ಮನಿಗೆ ನಡಿ, ದಾರ್ಯಾಗ ನಿನಗ ಗೊತ್ತಾಗ್ತದ."