ಕಡವೆ ಇಡಿಸಿದ ಹಿಂಬಾಗಿಲು

ಕಾಡಿನ ಮಹಾವಿದ್ಯಾಲಯದ ಮರದ ಹೊಸ್ತಿಲು ಮೊಣಕಾಲೆತ್ತರವಿತ್ತು. ಅದನ್ನು ದಾಟಲಾಗದ ಸಣ್ಣ ಪ್ರಾಣಿಗಳಿಗೂ ಓದು ಸಿಗಲೆಂದು, ಎಲ್ಲರನ್ನೂ ಒಳಗೊಳ್ಳಲೆಂದೇ ಇದ್ದ ಸಮಿತಿಯ ಮುಖ್ಯಸ್ಥೆ ಕಡವೆ ಹಟ ಹಿಡಿದು ಹಿತ್ತಿಲ ಗೋಡೆ ಒಡೆಸಿ ಪುಟ್ಟ ಬಾಗಿಲೊಂದನ್ನು ಇಡಿಸಿದ್ದಳು. ಅದರಿಂದ ಒಳಬಂದ ಆಮೆಯೊಬ್ಬಳು ಮೂರೇ ವರ್ಷದಲ್ಲಿ ಇಡೀ ಕಾಡಿಗೆ ಮೊದಲ ಸ್ಥಾನ ಗಳಿಸಿದಳು.

ಪದವಿ ಪ್ರದಾನದ ದಿನ ಕಡವೆ ವೇದಿಕೆಯಿಂದ ಹೆಮ್ಮೆಯಿಂದ ಕೂಗಿದಳು: "ನಮ್ಮ ಹಿಂಬಾಗಿಲಿನ ಆಮೆ ಬರಲಿ!"

ಸಭೆ ಗೊಳ್ಳೆಂದು ನಕ್ಕಿತು. ಆಮೆ ಕೂತಲ್ಲಿಂದ ಕದಲಲಿಲ್ಲ.

"ಮೇಡಂ, ಇಲ್ಲಿ ಎಲ್ಲರೂ ನನ್ನನ್ನು ಹಾಗೇ ಕರೆಯುತ್ತಾರೆ. ಇವತ್ತು ತಾವೂ ಕರೆದಿರಿ. ನನ್ನ ಹೆಸರು ತಮಗೆ ಗೊತ್ತೇ?"

ಕಡವೆ ಬಾಯಿ ತೆರೆದಳು. ಹೆಸರು ಬರಲಿಲ್ಲ.

"ಕುಮುದಿನಿ," ಎಂದಳು ಆಮೆ. "ಇನ್ನೊಂದು ಮಾತು. ನಮಗಾಗಿ ಗೋಡೆಯನ್ನೇ ಒಡೆಸಿದವರು ಆ ಹೊಸ್ತಿಲನ್ನೇಕೆ ಮುಟ್ಟಲಿಲ್ಲ?"

"ಅದು ಹಿರಿಯರು ಇಟ್ಟ ಹೊಸ್ತಿಲು!" ಎಂದು ಪ್ರಾಂಶುಪಾಲ ಆನೆ ಘೀಳಿಟ್ಟ.

ಕಡವೆ ವೇದಿಕೆ ಇಳಿದು ನೇರ ಮುಂಬಾಗಿಲಿಗೆ ಹೋಗಿ ಹೊಸ್ತಿಲನ್ನು ಗೊರಸಿನಿಂದ ಒದ್ದಳು. ಮೂರನೆಯ ಒದೆಗೇ ಅದು ಮುರಿದು ಬಿತ್ತು. ಒಳಗೆಲ್ಲ ಗೆದ್ದಲು ತಿಂದಿತ್ತು. ಇಷ್ಟು ಸುಲಭವಿತ್ತೇ ಎಂದುಕೊಂಡಳು ಕಡವೆ.