ಹೆಗ್ಗೆರೆಯ ತಪ್ಪು ತೂಬು

“ಕೇಳ್ರಪ್ಪೋ ಕೇಳಿ! ದೊರೆ ಸೋಮಭೂಪರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ!”

ಈ ಡಂಗುರದ ಹಿಂದೆ ದೊರೆಯ ಪುತ್ರಶೋಕವಿತ್ತು. ಆ ನಾಡಿನ ವಿದ್ಯಾಪೀಠ ತಂತ್ರಾಂಶ ಕಟ್ಟುವ ವಿದ್ಯೆ ಕಲಿಸುತ್ತಿತ್ತು. ನೀರಿಗಿಳಿಯದೆ ಈಜು ಬಾರದೆಂದು ಗುರುಗಳು ಮೇಲೂರು, ಕೆಳಗೂರುಗಳ ಶಿಷ್ಯರಿಗೆ ನಿಜವಾದ ಕೆಲಸವನ್ನೇ ಪಾಠವಾಗಿ ಕೊಟ್ಟರು: ಹೆಗ್ಗೆರೆಯ ತೂಬುಗಳನ್ನು ತೆರೆಯುವ ಗಣಕಕ್ಕೆ ತಂತ್ರಾಂಶ. ಅರ್ಧ ಮೇಲೂರಲ್ಲಿ, ಅರ್ಧ ಕೆಳಗೂರಲ್ಲಿ. ಮೊದಲ ಮಳೆಗೇ ತಪ್ಪು ತೂಬು ತೆರೆದುಕೊಂಡು, ಕೆಳಗೆ ಹಳ್ಳ ದಾಟುತ್ತಿದ್ದ ರಾಜಕುಮಾರ ಕೊಚ್ಚಿಹೋದ. ಶಿಷ್ಯರೆಲ್ಲ ಸೆರೆಮನೆ ಸೇರಿದರು. ಹುಣ್ಣಿಮೆಗೆ ಗಲ್ಲು.

“ಇಬ್ಬರು ಕೆಲಸ ಮಾಡಿದರು. ಇಬ್ಬರದೂ ಸರಿ, ಕೂಡಿಸಿದರೆ ತಪ್ಪು. ತಪ್ಪು ಯಾರ ಮನೆಯಲ್ಲಿತ್ತು?” ಎಂದು ದೊರೆ ಆಸ್ಥಾನದಲ್ಲಿ ಮೊದಲ ಒಗಟು ಕೇಳಿದ.

ಆಸ್ಥಾನಪಂಡಿತ “ಮೇಲೂರಲ್ಲಿ” ಎಂದ. ತಲೆ ಹೋಯಿತು. ಅದನ್ನು ನೋಡಿ ಜಾಣನಾದ ದಂಡನಾಯಕನ ಮಗ “ಹಾಗಾದರೆ ಕೆಳಗೂರಲ್ಲಿ” ಎಂದ. ಅವನದೂ ಹೋಯಿತು. ಉಳಿದವರು ಹಿಂದೆ ಸರಿದರು.

ಆಗ ಬಂದವನು ಕೆಳಗೂರಿನ ಬೀರಣ್ಣ. ವಿದ್ಯಾಪೀಠದಲ್ಲಿ ಮೊದಲ ವರ್ಷವೇ ದಾಟದ ದಡ್ಡ. “ತಿಳೀಲಿಲ್ಲ, ಇನ್ನೊಂದ್ಸಲ ಹೇಳಿ” ಎಂದು ಗುರುಗಳ ಪ್ರಾಣ ತಿನ್ನುತ್ತಿದ್ದವನು. ಅವನ ತಂಗಿ ಗಿರಿಜವ್ವ ಆ ಶಿಷ್ಯರ ಜೊತೆ ಸೆರೆಯಲ್ಲಿದ್ದಳು. ಅವಳಿಗೆ ರೊಟ್ಟಿ ಒಯ್ದಾಗಲೆಲ್ಲ ಪಕ್ಕದ ಕೋಣೆಯ ಮೇಲೂರಿನವರಿಗೂ ಕೊಟ್ಟು, ಎರಡೂ ಕಡೆಯವರನ್ನು ಅದೇ ಮಾತಿನಿಂದ ಪೀಡಿಸಿದ್ದ.

“ತಪ್ಪು ಯಾರ ಮನೇಲೂ ಇರಲಿಲ್ಲ ಬುದ್ಧೀ, ನಡುವಿನ ದಾರೀಲಿತ್ತು. ಮೇಲೂರಿನವರು ತೂಬುಗಳನ್ನ ಸೊನ್ನೆಯಿಂದ ಎಣಿಸಿದ್ರು, ನಮ್ಮೂರಿನವರು ಒಂದರಿಂದ. ಅವರು ‘ಒಂದು ತೆರೀರಿ’ ಅಂದದ್ದು ಎರಡನೇ ತೂಬನ್ನ, ನಮ್ಮವರು ತೆರೆದದ್ದು ಮೊದಲನೇದನ್ನ. ಒಬ್ಬರನ್ನೊಬ್ಬರು ಕೇಳಲೇ ಇಲ್ಲ.”

ದೊರೆ ತುಟಿ ಕಚ್ಚಿ ಎರಡನೆಯದನ್ನು ಕೇಳಿದ. “ಮೊದಲೇ ಕೆಡಿಸಿ ನೋಡಿದರೆ ಉಳಿಯುವುದು, ನೋಡದೆ ಬಿಟ್ಟರೆ ನಮ್ಮನ್ನೇ ಕೆಡಿಸುವುದು. ಏನದು?”

“ನಾವೇ ಕಟ್ಟಿದ ಕೆಲಸ. ಎರಡೂ ಅರ್ಧ ಜೋಡಿಸಿ, ಕೆರೆ ಬತ್ತಿದ್ದಾಗಲೇ ಪರೀಕ್ಷೆ ಮಾಡಿದ್ರೆ ತಪ್ಪು ಸಿಕ್ಕಿಬೀಳ್ತಿತ್ತು.”

“ತಲೆ ತೆಗೆದರೆ ತಲೆಯೊಡನೆ ಹೋಗುವುದು, ಉಳಿಸಿದರೆ ನನ್ನ ಕಣ್ಣಿಗೆ ಮುಳ್ಳಾಗುವುದು. ಯಾವುದು?” ಎಂದು ದೊರೆ ಮೂರನೆಯದನ್ನು ಕೇಳಿದ.

ಬೀರಣ್ಣನಿಗೆ ಅಳು ಬಂತು. “ಸೆರೇಲಿರೋರು ಕಲಿತ ಪಾಠ, ಬುದ್ಧೀ. ಅದಕ್ಕೆ ಜೀವ ತೆತ್ತವರು ನಿಮ್ಮ ಮಗ. ಇವರನ್ನ ಗಲ್ಲಿಗೆ ಹಾಕಿದ್ರೆ, ಮುಂದಿನ ಮಳೆಗೆ ತೂಬು ಮುಟ್ಟೋರು ಮತ್ತೆ ಏನೂ ಅರಿಯದೋರು.”

ದೊರೆ ಎದ್ದು ನಿಂತ. “ಏನು ಬೇಕು, ಕೇಳು.”

“ಅವರೆಲ್ಲರ ಜೀವ.”

ದೊರೆ ಜೀವ ಕೊಟ್ಟ, ಕ್ಷಮೆ ಕೊಡಲಿಲ್ಲ. ಬೀರಣ್ಣನನ್ನೇ ಗುರುವಾಗಿ ನೇಮಿಸಿ ಹೇಳಿದ: “ಇನ್ನು ನಿಮ್ಮ ವಿದ್ಯಾಪೀಠ ಕೆರೆಯ ಏರಿಯ ಕೆಳಗೆ, ತೂಬುಗಳ ಬಾಯಲ್ಲೇ. ಅರ್ಧ ಈ ದಡ, ಅರ್ಧ ಆ ದಡ. ತಪ್ಪಿದರೆ ಮೊದಲು ಮುಳುಗುವವರು ನೀವು.”

ಬೀರಣ್ಣ ತಂಗಿಯ ಕೈ ಹಿಡಿದು ಅಲ್ಲಿಗೇ ಹೋದ. ಆಮೇಲೆ ಆ ವಿದ್ಯಾಪೀಠದಲ್ಲಿ ತಿಳಿಯದಿದ್ದರೂ ತಿಳಿದಂತೆ ತಲೆಯಾಡಿಸಿದವರು ಒಬ್ಬರೂ ಇಲ್ಲ.